ಉಮ್ಮನ ‘ಯಾರ ಹಾಗೆ?’ ಮತ್ತು ನನ್ನ ಇಂಗ್ಲಿಷ್ ಶಬ್ದಗಳು

ನಮ್ಮ ಮನೆಯಲ್ಲಿ ನೆಂಟರಿಷ್ಟರನ್ನು ಬಣ್ಣಿಸಲು ಇಂಗ್ಲಿಷಿನ ದೊಡ್ಡ ದೊಡ್ಡ ಶಬ್ದಗಳನ್ನು ಬಳಸುತ್ತೇವೆ. ನನ್ನ ಉಮ್ಮ, ಅಂದರೆ ಅಮ್ಮ, ನಾಲ್ಕನೆಯ ಕ್ಲಾಸಿಗೆ ಶಾಲೆ ಬಿಟ್ಟವರು. ಇಂಗ್ಲಿಷಿನಲ್ಲಿ ಬರೆದ ಬಸ್ಸಿನ ಬೋರ್ಡು ಓದಲೂ ಅವರಿಗೆ ಬರುವುದಿಲ್ಲ. ಆದರೂ ಮೊನ್ನೆ, ಊಟದ ಹೊತ್ತಿಗೆ ಬಂದು ಸಂಜೆಯ ಚಹಾದವರೆಗೂ ಬಾಯಿ ಮುಚ್ಚದೆ ಮಾತಾಡಿದ ನೆಂಟರೊಬ್ಬರನ್ನು ಗೇಟಿನವರೆಗೆ ಬಿಟ್ಟು ಬಂದವರು, ಸೊಂಟಕ್ಕೆ ಕೈಯಿಟ್ಟು ನಿಂತು, "ಅಬ್ಬಬ್ಬಾ, ಎಂಥ ಗ್ಯಾರ್ಯುಲಸ್ ಮಾರಾಯ್ತಿ!" ಅಂದರು. ಗ್ಯಾರ್ಯುಲಸ್ ಅಂದರೆ ವಾಚಾಳಿ. ನನ್ನ ಮಗಳು ಬಿದ್ದು ಬಿದ್ದು ನಕ್ಕಳು. ನನಗೆ ನಗು ಬರಲಿಲ್ಲ, ಎದೆ ಉಬ್ಬಿತು. ಆ ಶಬ್ದವನ್ನು ಉಮ್ಮನ ಕೈಗೆ ಕೊಟ್ಟವಳು ನಾನು. ಅದನ್ನು ನನ್ನ ತಲೆಯಲ್ಲಿ ಕೂರಿಸಿದವರು ಉಮ್ಮ. ಈ ಕತೆಯನ್ನು ನಾನು ಜಂಬದಿಂದಲೇ ಹೇಳುತ್ತೇನೆ, ವಿನಯ ಬೇಕಾದವರು ಬೇರೆ ಯಾರದ್ದಾದರೂ ನೆನಪು ಓದಿಕೊಳ್ಳಲಿ.

ತೊಂಬತ್ತರ ದಶಕ ಮುಗಿದು ಎರಡು ಸಾವಿರ ಆಗಷ್ಟೇ ಶುರುವಾಗಿತ್ತು. ಬಂಟ್ವಾಳ ಪೇಟೆಯಲ್ಲಿ ಉಪ್ಪನ, ಅಂದರೆ ಅಪ್ಪನ, ಜಿನಸಿನ ಅಂಗಡಿ, ಅದರ ಹಿಂದಿನ ಓಣಿಯಲ್ಲಿ ನಮ್ಮ ಮನೆ. ಮನೆಯೊಳಗೆ ಬ್ಯಾರಿ ಭಾಷೆ, ಬಾಗಿಲು ದಾಟಿದರೆ ತುಳು, ಶಾಲೆಯಲ್ಲಿ ಕನ್ನಡ. ಹತ್ತನೆಯವರೆಗೆ ಓದಿದ್ದೆಲ್ಲ ಕನ್ನಡ ಮಾಧ್ಯಮದಲ್ಲಿ. ಇಂಗ್ಲಿಷ್ ನಮಗೆ ಹಬ್ಬಕ್ಕೆ ಮಾತ್ರ ಹೊರಗೆ ತೆಗೆಯುವ ಅಂಗಿಯಾಗಿತ್ತು. ಲೆಕ್ಕ ಮಾತ್ರ ನನಗೆ ನೀರು ಕುಡಿದಷ್ಟು ಸಲೀಸು. ಸಣ್ಣವಳಿದ್ದಾಗ ಅಂಗಡಿಯ ಅಕ್ಕಿ ಚೀಲದ ಮೇಲೆ ಕೂತು, ಗಿರಾಕಿ ಚೀಲ ಎತ್ತುವುದರೊಳಗೆ ಮೊತ್ತ ಕೂಗಿ ಹೇಳುತ್ತಿದ್ದೆ. ಡಿಗ್ರಿಗೆ ಮೂಡುಬಿದಿರೆಗೆ ಹೋದೆ. ಬೆಳಗ್ಗೆ ಸಿದ್ಧಕಟ್ಟೆಯ ಮೇಲಿನಿಂದ ಹೋಗುವ ಬಸ್ಸು ಹಿಡಿದು ಹೋಗಿ ಸಂಜೆ ಅದೇ ದಾರಿಯಲ್ಲಿ ಮರಳುತ್ತಿದ್ದೆ.

ಅಲ್ಲಿ ನಮ್ಮ ಕಾಮರ್ಸ್ ಪಾಠದ ಸರ್ ಒಬ್ಬರಿದ್ದರು. ಶನಿವಾರ ಮಧ್ಯಾಹ್ನ ಕ್ಲಾಸು ಮುಗಿದ ಮೇಲೆ, ಎಂಬಿಎ ಪ್ರವೇಶ ಪರೀಕ್ಷೆ ಬರೆಯುವ ಆಸೆ ಇದ್ದವರನ್ನು ಕೂರಿಸಿಕೊಂಡು ಪುಕ್ಕಟೆಯಾಗಿ ತಯಾರಿ ಮಾಡಿಸುತ್ತಿದ್ದರು. ಪರೀಕ್ಷೆಯಲ್ಲಿ ಮೂರು ಭಾಗ: ಲೆಕ್ಕ, ತರ್ಕ, ಇಂಗ್ಲಿಷ್. ಒಂದರಲ್ಲಿ ಎಷ್ಟೇ ಹೆಚ್ಚು ಬಂದರೂ ಇನ್ನೊಂದಕ್ಕೆ ಸಾಲ ಕೊಡುವ ಹಾಗಿಲ್ಲ, ಮೂರರಲ್ಲೂ ಬೇರೆ ಬೇರೆಯಾಗಿ ದಾಟಬೇಕು. ಇಂಗ್ಲಿಷಿನ ಭಾಗವೆಂದರೆ ಬಹುಪಾಲು ಶಬ್ದಗಳೇ. ಒಂದು ಶಬ್ದ ಕೊಟ್ಟು ಅದರ ಅರ್ಥ ಯಾವುದು, ಅದರ ವಿರುದ್ಧ ಯಾವುದು, ಇದಕ್ಕೆ ಅದು ಹೇಗೋ ಹಾಗೆ ಮತ್ತೊಂದಕ್ಕೆ ಯಾವುದು ಎಂದು ಕೇಳುತ್ತಿದ್ದರು. ನಾನು ಜನ್ಮದಲ್ಲಿ ಕೇಳದಿದ್ದ ಶಬ್ದಗಳು ಅವು.

ಇಷ್ಟಕ್ಕೇ ನಿಂತಿದ್ದರೆ ನಾನು ಸದ್ದಿಲ್ಲದೆ ಬರೆದು ಸದ್ದಿಲ್ಲದೆ ಫೇಲಾಗಬಹುದಿತ್ತು. ಆದರೆ ನನ್ನ ಬಾಯಿ ಸುಮ್ಮನಿರುವ ಜಾತಿಯದ್ದಲ್ಲ. ಬೆಳ್ತಂಗಡಿಯ ಹತ್ತಿರ ಲಾಯಿಲದಲ್ಲಿ ನೆಂಟರ ಮದುವೆ. ಹೆಂಗಸರ ಕಡೆ ಕೂತಿದ್ದಾಗ ಯಾರೋ, ಡಿಗ್ರಿ ಮುಗಿದ ಮೇಲೆ ಮುಂದೆ ಎಂತ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಪೊಳಲಿ ಕಡೆಯ ಮಾಮಿ, ಅಂದರೆ ಉಮ್ಮನ ಅಣ್ಣನ ಹೆಂಡತಿ, "ಇನ್ನೆಂತ? ಮದುವೆ!" ಎಂದು ನನ್ನ ಪರವಾಗಿ ಉತ್ತರಿಸಿದರು.

"ಮದುವೆ ಅಲ್ಲ, ಎಂಬಿಎ," ಅಂದೆ. "ದೊಡ್ಡ ಕಾಲೇಜಿಗೆ ಹೋಗ್ತೇನೆ. ಪ್ರವೇಶ ಪರೀಕ್ಷೆ ಉಂಟು. ಬರೀತೇನೆ, ಪಾಸೂ ಆಗ್ತೇನೆ."

ಮಾಮಿ ಹೊಟ್ಟೆ ತುಂಬಾ ನಕ್ಕರು. ಪಕ್ಕದವರಿಗೆ ಹೇಳಿದರು, ಅವರೂ ನಕ್ಕರು. ಬಿರಿಯಾನಿ ಬಡಿಸುವ ಹೊತ್ತಿಗೆ ನನ್ನ ಮಾತು ಗಂಡಸರ ಕಡೆಗೂ ದಾಟಿತ್ತು.

ಉಪ್ಪ ಮಾತಿನ ಮನುಷ್ಯ ಅಲ್ಲ. ಅಂಗಡಿಯಲ್ಲಿ ಗಿರಾಕಿಗೆ ಬೆಲೆ ಹೇಳಿ ಮುಗಿದರೆ ಮುಗಿಯಿತು. ಮನೆಯಲ್ಲಿ ‘ಹೂಂ’ ಮತ್ತು ‘ಬೇಡ’ ಇವೆರಡರಲ್ಲೇ ದಿನ ಕಳೆಯುವವರು. ಆ ದಿನ ಮನೆಗೆ ಬಂದು ಅಂಗಿ ಕಳಚಿ ಮೊಳೆಗೆ ನೇತು ಹಾಕಿದವರು, ನನ್ನ ಕಡೆ ತಿರುಗದೆಯೇ ಹೇಳಿದರು: "ಎಲ್ಲರ ಎದುರು ಹೇಳಿ ಆಗಿದೆ. ಇನ್ನು ಬರೆ. ಒಂದು ಸಲ. ಸೀಟು ಸಿಕ್ಕಿದ್ರೆ ಕಳಿಸ್ತೇನೆ, ಯಾರು ಎಂತ ಹೇಳಿದ್ರೂ ಕಳಿಸ್ತೇನೆ. ಸಿಗದಿದ್ರೆ ಮತ್ತೆ ಆ ಮಾತು ಎತ್ತಬೇಡ."

ಉಪ್ಪನ ಬಾಯಿಂದ ಒಟ್ಟಿಗೆ ಅಷ್ಟು ಮಾತು ನಾನು ಕೇಳಿದ್ದು ಅದೇ ಮೊದಲು. ಒಂದು ಸಲ ಅಂದರೆ ಒಂದೇ ಸಲ ಎಂದು ನನಗೂ ಗೊತ್ತಿತ್ತು, ಉಮ್ಮನಿಗೂ ಗೊತ್ತಿತ್ತು.

ಸರ್ ಶಬ್ದಗಳ ದಪ್ಪ ಪುಸ್ತಕ ಒಂದನ್ನು ಕೊಟ್ಟಿದ್ದರು, ಅಕಾರಾದಿಯಾಗಿ. ಬೇರೆಯವರು ಅದನ್ನು ನೋಡಿ ಬೆವರಿದರೆ ನಾನು ಮನಸ್ಸಿನಲ್ಲೇ ನಕ್ಕೆ. ಬಾಯಿಪಾಠವಾ? ಅದರಲ್ಲಿ ನನ್ನನ್ನು ಸೋಲಿಸುವವರು ಯಾರು? ಚಿಕ್ಕಂದಿನಲ್ಲಿ ಶಾಲೆಗೆ ಮೊದಲು ಬೆಳಗ್ಗೆ ಮದ್ರಸಕ್ಕೆ ಹೋಗುತ್ತಿದ್ದೆವು. ಅಲ್ಲಿ ಸಾಲಾಗಿ ಕೂತು, ಮೈಯನ್ನು ಹಿಂದೆ ಮುಂದೆ ತೂಗುತ್ತಾ, ಗಟ್ಟಿಯಾಗಿ ಹೇಳಿ ಹೇಳಿ ಪಾಠ ಕಲಿಯುವುದು. ಕಲಿತದ್ದನ್ನು ಉಸ್ತಾದರ ಎದುರು ಒಪ್ಪಿಸಬೇಕು. ಉಸ್ತಾದರದ್ದು ಒಂದೇ ನಿಯಮ: ಹಳೆಯ ಪಾಠ ಮೊದಲಿನಿಂದ ಒಪ್ಪಿಸದೆ ಹೊಸ ಪಾಠ ಇಲ್ಲ. ತಪ್ಪಿದರೆ ಮತ್ತೆ ಮೊದಲಿಂದ. ಒಪ್ಪಿಸುವುದರಲ್ಲಿ ನಾನು ಇಡೀ ಮದ್ರಸಕ್ಕೆ ಮುಂದು. ಪ್ರವಾದಿಯವರು ಹುಟ್ಟಿದ ನಬಿ ದಿನದ ಕಾರ್ಯಕ್ರಮದಲ್ಲಿ ಬಹುಮಾನವಾಗಿ ಸಿಕ್ಕಿದ ಸ್ಟೀಲಿನ ತಟ್ಟೆಗಳು ಉಮ್ಮನ ಅಡುಗೆಮನೆಯಲ್ಲಿ ಇನ್ನೂ ಇವೆ.

ಹಾಗಾಗಿ ಇಂಗ್ಲಿಷ್ ಶಬ್ದಗಳಿಗೂ ಅದೇ ಮದ್ದು ಅರೆದೆ. ಚಾಪೆ ಹಾಸಿ ಕೂತು, ಮೈ ತೂಗುತ್ತಾ ಮದ್ರಸದ ರಾಗದಲ್ಲೇ ಶುರು ಮಾಡಿದೆ. ಉಮ್ಮ ಒಳಗಿನಿಂದ ಬಂದು ನೋಡಿ, "ಅದಕ್ಕೆ ಆ ರಾಗ ಬೇಡ, ಗುನಾಹ್, ಪಾಪ ಬರ್ತದೆ," ಎಂದು ಗದರಿದ ಮೇಲೆ ಮಗ್ಗಿಯ ರಾಗ ಹಾಕಿದೆ. ಎ ಮುಗಿಯಿತು, ಬಿ ಮುಗಿಯಿತು. ದಿನಾ ಹಿಂದಿನದ್ದನ್ನೆಲ್ಲ ಮೊದಲಿನಿಂದ ಹೇಳಿ, ಆಮೇಲೆ ಹೊಸ ಪುಟ. ಓಣಿಯಲ್ಲಿ ಹೋಗುವವರು ನಿಂತು ಕೇಳುತ್ತಿದ್ದರು. ಎಲ್ಲಿಯೂ ಎಡವದೆ ಇಡೀ ಪುಸ್ತಕವನ್ನು ಒಂದೇ ಉಸಿರಿಗೆ ಒಪ್ಪಿಸುವಷ್ಟು ತಯಾರಾದೆ. ಪೊಳಲಿ ಮಾಮಿಯ ನಗುವಿಗೆ ಉತ್ತರ ಸಿದ್ಧವಾಗಿದೆ ಎಂದುಕೊಂಡೆ.

ಒಂದು ಶನಿವಾರ ಸರ್ ಮಾದರಿ ಪರೀಕ್ಷೆ ಇಟ್ಟರು. ಪ್ರಶ್ನೆಪತ್ರಿಕೆ ಕೈಗೆ ಬಂದ ಕೂಡಲೇ ನನ್ನ ಗ್ರಹಚಾರ ಬಿಡಿಸಿತು. ಎಲ್ಲವೂ ನನಗೆ ಗೊತ್ತಿರುವ ಶಬ್ದಗಳೇ, ಆದರೆ ಒಂದೂ ಅದರದರ ಜಾಗದಲ್ಲಿರಲಿಲ್ಲ. ಎಸ್ ಆದ ಮೇಲೆ ಬಿ, ಬಿ ಆದ ಮೇಲೆ ಎಂ. ಒಂದೊಂದು ಶಬ್ದದ ಅರ್ಥಕ್ಕೂ ನಾನು ಆ ಪುಟದ ತುದಿಗೆ ಹೋಗಿ ಅಲ್ಲಿಂದ ಮಗ್ಗಿ ಹೇಳುತ್ತಾ ಇಳಿದು ಬರಬೇಕಾಗಿತ್ತು. ಅರ್ಧ ಪ್ರಶ್ನೆ ಮುಟ್ಟುವುದರೊಳಗೆ ಸಮಯ ಮುಗಿಯಿತು.

ಸರ್ ಉತ್ತರಗಳನ್ನು ನೋಡಿ ನನ್ನನ್ನು ಎಬ್ಬಿಸಿದರು. "ಕ್ಯಾಂಡಿಡ್ ಅಂದರೆ ಏನು? ಹೇಳಿ ನೋಡುವ."

ನಾನು ಕಣ್ಣು ಮುಚ್ಚಿದೆ. ಮೈ ತನ್ನಷ್ಟಕ್ಕೆ ತೂಗಲು ಶುರುವಾಯಿತು. "ಕೆಜೋಲ್ ಪುಸಲಾಯಿಸು, ಕ್ಯಾಲಸ್ ಕಲ್ಲೆದೆಯ, ಕ್ಯಾಲೋ ಎಳಸು, ಕ್ಯಾಲಮ್ನಿ ಸುಳ್ಳು ಅಪವಾದ, ಕ್ಯಾಂಡಿಡ್ ಮುಚ್ಚುಮರೆ ಇಲ್ಲದ!"

ಇಡೀ ಕ್ಲಾಸು ಗೊಳ್ಳೆಂದಿತು. ಸರ್ ನಗಲಿಲ್ಲ. ನಿಧಾನವಾಗಿ ಹೇಳಿದರು, "ಉತ್ತರ ಸರಿಯಾಗಿಯೇ ಉಂಟು. ಆದರೆ ಅವರು ಕೇಳುವುದು ಕ್ಯಾಂಡಿಡ್ ಒಂದನ್ನೇ. ನೆರೆಕರೆಯವರನ್ನೆಲ್ಲ ಕರೆದುಕೊಂಡು ಬರಲಿಕ್ಕೆ ಅಲ್ಲಿ ಸಮಯ ಇಲ್ಲ. ಸರಿ, ನಿಮಗೆ ಗೊತ್ತಿರುವ ಕ್ಯಾಂಡಿಡ್ ಮನುಷ್ಯ ಒಬ್ಬರನ್ನು ಹೇಳಿ." ನನಗೆ ಶಬ್ದ ಗೊತ್ತಿತ್ತು, ಅದರ ಕನ್ನಡ ಗೊತ್ತಿತ್ತು. ಆದರೆ ಅಂಥವರು ಈ ಭೂಮಿಯ ಮೇಲೆ ಎಲ್ಲಿಯಾದರೂ ಇರುತ್ತಾರೆ ಎಂದು ನಾನು ಒಮ್ಮೆಯೂ ಯೋಚಿಸಿರಲಿಲ್ಲ.

ಆ ದಿನ ಬಸ್ಸಿನಲ್ಲಿ ಸಿಟ್ಟಿನಿಂದ ಕಿಟಕಿಗೆ ಹಣೆ ಒತ್ತಿಕೊಂಡು ಕೂತು ಬಂದೆ. ಮನೆಗೆ ಬಂದು ಪುಸ್ತಕವನ್ನು ಅಡುಗೆಮನೆಯ ಮೂಲೆಗೆ ಎಸೆದೆ. ಉಮ್ಮ ಪತ್ತಿರಿಗೆ ಅಕ್ಕಿಹಿಟ್ಟು ನಾದುತ್ತಾ ಕೂತಿದ್ದರು. ಪತ್ತಿರಿ ಅಂದರೆ ನಮ್ಮ ಮನೆಗಳ ತೆಳ್ಳಗಿನ ಅಕ್ಕಿರೊಟ್ಟಿ.

"ಎಂತ ಆಯ್ತು?"

"ಎಂತ ಇಲ್ಲ. ಶಬ್ದಗಳು ತಲೆಯಲ್ಲಿ ನಿಲ್ಲುದಿಲ್ಲ."

"ಯಾವ ಶಬ್ದ? ಒಂದು ಹೇಳು ನೋಡುವ."

"ನಿಮಗೆ ಹೇಳಿ ಎಂತ ಪ್ರಯೋಜನ ಉಮ್ಮಾ?" ಎಂದು ರೇಗಿದೆ. ಆದರೂ ಕೈಗೆ ಸಿಕ್ಕಿದ ಪುಟದಿಂದ ಒಂದನ್ನು ಓದಿದೆ. "ಪಾರ್ಸಿಮೋನಿಯಸ್. ಜಿಪುಣ."

"ಯಾರ ಹಾಗೆ?" ಅಂದರು ಉಮ್ಮ.

ಇದು ಉಮ್ಮನ ಹಳೆಯ ಅಭ್ಯಾಸ. ಹುಡುಗ ಎತ್ತರ ಇದ್ದಾನೆ ಅಂದರೆ ಅವರಿಗೆ ಸಾಲದು, ಯಾರ ಹಾಗೆ ಎತ್ತರ? ಹೊಸ ನೆರೆಮನೆಯವಳು ಒಳ್ಳೆಯವಳು ಅಂದರೆ, ಯಾರ ಹಾಗೆ ಒಳ್ಳೆಯವಳು? ಗೊತ್ತಿರುವ ಒಬ್ಬರ ಪಕ್ಕದಲ್ಲಿ ನಿಲ್ಲಿಸಿ ನೋಡದೆ ಅವರು ಯಾರನ್ನೂ ಮನೆಯೊಳಗೆ ಬಿಟ್ಟುಕೊಳ್ಳುವವರಲ್ಲ. ಓಣಿಯ ಹೆಂಗಸರೆಲ್ಲ ಮಾತಾಡುವುದೇ ಹಾಗೆ. ನಮ್ಮ ಉಮ್ಮ ಅದರಲ್ಲಿ ಒಂದು ಕೈ ಹೆಚ್ಚು.

ನಾನು ಒಂದು ಕ್ಷಣವೂ ಯೋಚಿಸಲಿಲ್ಲ. "ಪೊಳಲಿ ಮಾಮನ ಹಾಗೆ. ಸಾರಿಗೆ ಹಾಕುವ ಮೊದಲು ಮೀನಿನ ತುಂಡು ಎಣಿಸುವವರು."

ಉಮ್ಮ ತನ್ನ ಅಣ್ಣನೆಂದೂ ನೋಡದೆ ಹಿಟ್ಟಿನ ಕೈಯಲ್ಲೇ ಹಣೆ ಚಚ್ಚಿಕೊಂಡು ನಕ್ಕರು. "ಹೌದು ಮಾರಾಯ್ತಿ! ಎಂತ ಹೇಳಿದೆ, ಪಾರ್ಸಿ...?"

"ಪಾರ್ಸಿಮೋನಿಯಸ್."

"ಇನ್ನೊಂದು ಹೇಳು."

ಆ ಸಂಜೆ ಪತ್ತಿರಿ ಸುಟ್ಟು ಮುಗಿಯುವುದರೊಳಗೆ ಅರ್ಧ ಕುಟುಂಬಕ್ಕೆ ಇಂಗ್ಲಿಷ್ ಹೆಸರಿಟ್ಟಾಗಿತ್ತು. ಮಂಗಳೂರಿನ ಬಸ್‌ಸ್ಟ್ಯಾಂಡಿನಲ್ಲಿ ಅಪರಿಚಿತನಿಂದ ದುಬೈ ವಾಚು ಎಂದು ನಂಬಿ ಖರೀದಿಸಿ, ಮನೆ ತಲುಪುವ ಮೊದಲೇ ಅದು ನಿಂತದ್ದನ್ನು ಕಂಡ ದೊಡ್ಡಮ್ಮನ ಮಗ ಗಲ್ಲಿಬಲ್, ಹೇಳಿದ್ದನ್ನೆಲ್ಲ ನಂಬುವವ. ತೊಳೆದ ತಟ್ಟೆಯನ್ನೇ ಮತ್ತೆ ತೊಳೆದು, ಒರೆಸಿ, ಬೆಳಕಿಗೆ ಹಿಡಿದು ನೋಡಿ ಊಟಕ್ಕೆ ಕೂರುವ ಉಮ್ಮನ ತಂಗಿ ಫ್ಯಾಸ್ಟಿಡಿಯಸ್. ಪೊಳಲಿ ಮಾಮಿ ಗ್ಯಾರ್ಯುಲಸ್, ಅದರಲ್ಲಿ ನಮ್ಮಿಬ್ಬರಿಗೂ ಚರ್ಚೆಯೇ ಇರಲಿಲ್ಲ. ಮನುಷ್ಯರು ಸಿಗದ ಶಬ್ದಕ್ಕೆ ಊರೇ ಒದಗಿ ಬಂತು. ಎಲ್ಲೆಲ್ಲೂ ಇರುವಂಥದ್ದು ಎಂಬ ಅರ್ಥದ ಯುಬಿಕ್ವಿಟಸ್ ಎಂದಾಗ ಉಮ್ಮ ತಡಮಾಡದೆ, "ಬಿ.ಸಿ. ರೋಡಿನ ಧೂಳು" ಅಂದರು. ಗಳಿಗೆಯಲ್ಲಿ ಬಂದು ಹೋಗುವ ಎಫೆಮೆರಲ್‌ಗೆ ಜಡಿಮಳೆಯ ಆಟಿ ತಿಂಗಳ ಬಿಸಿಲು ಸಿಕ್ಕಿತು. ಒಳಕೋಣೆಯಲ್ಲಿ ಪೇಪರು ಓದುತ್ತಿದ್ದ ಉಪ್ಪನಿಗೆ ಕೇಳದ ಹಾಗೆ ನಾನು ದನಿ ತಗ್ಗಿಸಿ, "ಟ್ಯಾಸಿಟರ್ನ್. ಮಾತು ಕಮ್ಮಿ ಇರುವವರು," ಅಂದೆ. ಉಮ್ಮ ಬಾಯಿಂದ ಹೇಳದೆ ಕಣ್ಣಿನಲ್ಲೇ ಒಳಕೋಣೆ ತೋರಿಸಿದರು.

ಮರುದಿನ ಎದ್ದಾಗ ಅಷ್ಟೂ ಶಬ್ದಗಳು ತಲೆಯಲ್ಲೇ ಇದ್ದವು. ರಾಗವೂ ಬೇಕಾಗಲಿಲ್ಲ, ಪುಟದ ತುದಿಯೂ ಬೇಕಾಗಲಿಲ್ಲ. ಮಾಮನನ್ನು ನೆನೆದರೆ ಸಾಕು, ಶಬ್ದ ಅವರ ಹಿಂದೆಯೇ ಬರುತ್ತಿತ್ತು. ನನಗೆ ಹುಚ್ಚು ಸಂತೋಷವಾಯಿತು. ಉಸ್ತಾದರ ನಿಯಮವನ್ನು ಮಾತ್ರ ನಾನು ಬಿಡಲಿಲ್ಲ: ಹಳೆಯದ್ದನ್ನು ಒಪ್ಪಿಸದೆ ಹೊಸದು ಇಲ್ಲ. ಒಪ್ಪಿಸುವುದು ಈಗ ಉಮ್ಮನಿಗೆ.

ಉಮ್ಮ ಉಸ್ತಾದರಿಗಿಂತ ಬಿಗಿ. ತರಕಾರಿ ಹೆಚ್ಚುವಾಗ, ಬಟ್ಟೆ ಒಗೆಯುವಾಗ, ಇದ್ದಕ್ಕಿದ್ದಂತೆ, "ನನ್ನ ತಂಗಿ?" ಎಂದು ಕೇಳುವರು. "ಫ್ಯಾಸ್ಟಿಡಿಯಸ್" ಎಂದರೆ ಬಿಡುವುದಿಲ್ಲ. "ಅವಳ ವಿರುದ್ಧ ಯಾರು?" ನಾನು ಯೋಚಿಸಿ, ಒದ್ದೆ ಕಾಲಲ್ಲೇ ಮನೆಯೆಲ್ಲ ಓಡಾಡುವ ಸೋದರಮಾವನ ಮಗಳನ್ನು ಹುಡುಕಿ, ಅವಳಿಗೆ ಸ್ಲೋವನ್ಲಿ, ಗಲೀಜಿನವಳು, ಎಂದು ಹೊಂದಿಸಬೇಕು. ಪರೀಕ್ಷೆಯವರು ಕೇಳುವುದೂ ಅದನ್ನೇ ಎಂದು ಉಮ್ಮನಿಗೆ ಗೊತ್ತಿರಲಿಲ್ಲ. ಅವರಿಗೆ ಒಬ್ಬರನ್ನು ಹೇಳಿದ ಮೇಲೆ ಇನ್ನೊಬ್ಬರನ್ನು ಎದುರು ನಿಲ್ಲಿಸದೆ ಸಮಾಧಾನವಿಲ್ಲ, ಅಷ್ಟೇ.

ಸ್ವಲ್ಪ ದಿನದಲ್ಲಿ ಉಮ್ಮನಿಗೆ ಒಂದು ಅಳುಕು ಹತ್ತಿತು. ಬೆನ್ನ ಹಿಂದೆ ಇನ್ನೊಬ್ಬರ ಕುಂದು ಆಡುವುದು ನಮ್ಮಲ್ಲಿ ದೊಡ್ಡ ಪಾಪ. "ಹೀಗೆ ಒಬ್ಬೊಬ್ಬರದ್ದು ಹೇಳ್ತಾ ಕೂತ್ರೆ ನಾಳೆ ಅಲ್ಲಾಹನಿಗೆ ಎಂತ ಉತ್ತರ ಕೊಡುವುದು?" ಎಂದು ಒಂದು ಬೆಳಗ್ಗೆ ಮುಖ ಸಣ್ಣ ಮಾಡಿಕೊಂಡು ಕೂತರು. ನಾನು ಹೆದರಿದೆ, ಉಮ್ಮ ನಿಲ್ಲಿಸಿದರೆ ನನ್ನ ಕತೆ ಮುಗಿಯಿತು. ಮಧ್ಯಾಹ್ನದ ಹೊತ್ತಿಗೆ ಅವರೇ ತೀರ್ಪು ಕೊಟ್ಟರು: "ಯಾರಿಗೆ ಒಂದು ಕೆಟ್ಟ ಶಬ್ದ ಹೇಳ್ತೀಯೋ ಅವರಿಗೇ ಒಂದು ಒಳ್ಳೆ ಶಬ್ದವೂ ಹುಡುಕಬೇಕು. ಇಲ್ಲದಿದ್ರೆ ನಾನು ಕೇಳುದಿಲ್ಲ."

ಈ ಶರತ್ತಿನಿಂದ ನನ್ನ ಶಬ್ದಗಳು ಸುಮಾರು ಇಮ್ಮಡಿಯಾದವು. ಮೀನಿನ ತುಂಡು ಎಣಿಸುವ ಮಾಮ ತನ್ನ ವ್ಯಾಪಾರದಲ್ಲಿ ಒಬ್ಬರಿಗೂ ಒಂದು ಕಾಳು ಕಮ್ಮಿ ತೂಗಿದವರಲ್ಲ, ಅವರು ನ್ಯಾಯ ತಪ್ಪದ ಸ್ಕ್ರೂಪ್ಯುಲಸ್. ಪೊಳಲಿ ಮಾಮಿಗೆ ಒಳ್ಳೆಯ ಶಬ್ದ ಹುಡುಕಲು ನನಗೆ ಮನಸ್ಸೇ ಇರಲಿಲ್ಲ, ಅವರ ನಗು ಇನ್ನೂ ಕಿವಿಯಲ್ಲಿತ್ತು. ಆಗ ಉಮ್ಮ ಹೇಳಿದರು, ನಾನು ಹುಟ್ಟುವ ಮೊದಲು ತನಗೂ ಮಾಮಿಗೂ ಮಾತು ಬಿಟ್ಟು ಹೋಗಿತ್ತಂತೆ. ಆದರೂ ಬಾಣಂತನಕ್ಕೆ ಯಾರೂ ಇಲ್ಲ ಎಂದು ಗೊತ್ತಾದ ಕೂಡಲೇ ಮಾಮಿ ಚೀಲ ಹಿಡಿದುಕೊಂಡು ಬಂದು, ಹಳೆಯದ್ದು ಒಂದೂ ಎತ್ತದೆ, ನನ್ನನ್ನು ಕಾಲ ಮೇಲೆ ಹಾಕಿ ಮೀಯಿಸಿದರಂತೆ. ನಾನು ಪುಸ್ತಕ ತಿರುವಿ ದೊಡ್ಡ ಮನಸ್ಸಿನವರು ಎಂಬ ಅರ್ಥದ ಮ್ಯಾಗ್ನಾನಿಮಸ್ ಹುಡುಕಿ ಕೊಟ್ಟೆ. ಕೊಡುವಾಗ ಸ್ವಲ್ಪ ಹೊಟ್ಟೆ ಉರಿದದ್ದು ನಿಜ. ಉಪ್ಪನಿಗೆ ಮಾತ್ರ ಒಳ್ಳೆಯ ಶಬ್ದ ಯಾವುದೆಂದು ತೀರ್ಮಾನವಾಗಲೇ ಇಲ್ಲ. "ಮಾತಾಡಿದ್ರೆ ಅಲ್ಲವಾ ಗೊತ್ತಾಗುದು?" ಎಂದು ಉಮ್ಮ ಅದನ್ನು ಬಾಕಿ ಇಟ್ಟರು.

ಮೂಡುಬಿದಿರೆಯಲ್ಲಿ ಶನಿವಾರದ ತಯಾರಿಗೂ ನನ್ನ ಬೆಂಚಿನಲ್ಲೇ ಕೂರುತ್ತಿದ್ದ ಗೆಳತಿ ಕಕ್ಕಿಂಜೆಯವಳು, ಚಾರ್ಮಾಡಿ ಘಾಟಿಯ ಬುಡದ ರಬ್ಬರು ತೋಟದ ಮನೆಯ ಹುಡುಗಿ, ಹಾಸ್ಟೆಲಿನಲ್ಲಿದ್ದಳು. ಅವಳಿಗೆ ಈ ಉಪಾಯ ಹೇಳಿದೆ. ಅವಳು ತನ್ನ ಕಡೆಯ ನೆಂಟರನ್ನೆಲ್ಲ ತಂದು ಸಾಲಾಗಿ ನಿಲ್ಲಿಸಿದಳು. ಮಧ್ಯಾಹ್ನ ಬುತ್ತಿ ಬಿಚ್ಚಿ ನನ್ನವರನ್ನು ಅವಳಿಗೆ ಕೊಟ್ಟು ಅವಳವರನ್ನು ನಾನು ತೆಗೆದುಕೊಳ್ಳುತ್ತಿದ್ದೆ. ಒಂದು ರಜೆಯಲ್ಲಿ ಅವಳ ಮನೆಗೆ ಹೋದಾಗ ಅವಳ ದೊಡ್ಡಪ್ಪ ಜಗಲಿಗೆ ಬಂದು, ನನ್ನನ್ನು ಮೇಲಿಂದ ಕೆಳಗೆ ನೋಡಿ ತುಳುವಿನಲ್ಲಿ, "ನೀನು ಬಂಟ್ವಾಳದವಳು ಹೌದಾ? ನಿಜವಾಗಿ ಪೇಟೆಯವಳಾ ಅಥವಾ ಹೊಳೆಯ ಆಚೆಯವಳಾ?" ಎಂದು ವಿಚಾರಿಸಿದರು. ಗೆಳತಿ ನನ್ನ ಮುಖ ನೋಡಿದಳು. ಅವರು ಏನನ್ನೂ ಸುಲಭಕ್ಕೆ ನಂಬದ ಸ್ಕೆಪ್ಟಿಕಲ್ ಎಂದು ನನಗೆ ಆಗಲೇ ಗೊತ್ತಿತ್ತು. ಇಬ್ಬರೂ ನಗು ತಡೆಯಲಾಗದೆ ಬಾವಿಕಟ್ಟೆಗೆ ಓಡಿದೆವು.

ಅಭ್ಯಾಸಕ್ಕೆ ಮದುವೆ ಹಾಲಿನಂಥ ಜಾಗ ಇನ್ನೊಂದಿಲ್ಲ. ಅಲ್ಲಿ ಜನ ಅಕಾರಾದಿಯಾಗಿ ಬರುವುದಿಲ್ಲ. ಉಮ್ಮ ಮತ್ತು ನಾನು ಬಾಗಿಲು ಕಾಣುವ ಕುರ್ಚಿಗಳಲ್ಲಿ ಕೂರುತ್ತಿದ್ದೆವು. ಒಬ್ಬೊಬ್ಬರು ಒಳಗೆ ಬಂದ ಹಾಗೆ ಉಮ್ಮ ಮೊಣಕೈಯಿಂದ ತಿವಿಯುವರು, ನಾನು ತುಟಿ ಅಲ್ಲಾಡಿಸದೆ ಶಬ್ದ ಹೇಳಬೇಕು, ಅದಕ್ಕೆ ಜೋಡಿಯಾದ ಒಳ್ಳೆಯ ಶಬ್ದವನ್ನೂ ಹೇಳಬೇಕು. ಒಮ್ಮೆ ಪೊಳಲಿ ಮಾಮಿ ಯಾವ ಮಾಯದಲ್ಲಿ ಹಿಂದಿನಿಂದ ಬಂದರೋ, ನನ್ನ ಬಾಯಿಂದ ಬಿದ್ದದ್ದನ್ನು ಕೇಳಿಸಿಕೊಂಡುಬಿಟ್ಟರು.

"ಎಂತ ಹೇಳಿದೆ ನನ್ನನ್ನು?"

ಉಮ್ಮ ಮುಖದ ಒಂದು ಗೆರೆಯೂ ಅಲ್ಲಾಡದೆ, "ಅದಾ? ಇಂಗ್ಲಿಷಿನಲ್ಲಿ ಎಲ್ಲರ ಹತ್ರ ಬೆರೆತು ಮಾತಾಡುವವರಿಗೆ ಹಾಗೆ ಹೇಳುದು," ಅಂದರು.

ಮಾಮಿಗೆ ಅದು ಬಹಳ ಹಿಡಿಸಿತು. ಊಟ ಮುಗಿಯುವುದರೊಳಗೆ ಹಾಲಿನ ಅರ್ಧ ಹೆಂಗಸರಿಗೆ, ತಾನು ಗ್ಯಾರ್ಯುಲಸ್ ಎಂದು ಅವರೇ ಹೇಳಿಕೊಂಡು ಬಂದರು.

ಪರೀಕ್ಷೆ ಮಂಗಳೂರಿನಲ್ಲಿ. ಮೊದಲು ಲೆಕ್ಕ, ಅದನ್ನು ಅಂಗಡಿಯ ಅಕ್ಕಿ ಚೀಲದ ಮೇಲೆ ಕೂತವಳ ಹಾಗೆ ಮುಗಿಸಿದೆ. ತರ್ಕವೂ ಕೈಕೊಡಲಿಲ್ಲ. ಆಮೇಲೆ ಇಂಗ್ಲಿಷಿನ ಭಾಗ ತೆರೆದೆ. ಒಂದು ಸಲ ಎಂದು ಉಪ್ಪ ಹೇಳಿದ್ದು ನೆನಪಾಯಿತು. ಮೊದಲ ಶಬ್ದ ಓದಿದೆ. ದೊಡ್ಡಮ್ಮನ ಮಗ ನಿಂತುಹೋದ ವಾಚು ಕಟ್ಟಿಕೊಂಡು ಬಂದು ನಿಂತ. ಮುಂದಿನದ್ದಕ್ಕೆ ಉಮ್ಮನ ತಂಗಿ ತಟ್ಟೆಯನ್ನು ಬೆಳಕಿಗೆ ಹಿಡಿದರು. ಹೀಗೆ ಒಬ್ಬೊಬ್ಬರಾಗಿ ನನ್ನ ಕುಟುಂಬವೇ ಆ ಹಾಲಿಗೆ ಬಂದು ಕೂತಿತು, ಹಿಂದಿನ ಬೆಂಚಿನಲ್ಲಿ ಕಕ್ಕಿಂಜೆಯವರೂ. ಗ್ಯಾರ್ಯುಲಸ್‌ನ ವಿರುದ್ಧ ಪದ ಯಾವುದು ಎಂಬ ಪ್ರಶ್ನೆ ಬಂದಾಗ ನಾನು ನಕ್ಕೇಬಿಟ್ಟೆ. ಮಾಮಿಯ ವಿರುದ್ಧ ಯಾರು? ಉತ್ತರಗಳಲ್ಲಿ ಮೂರನೆಯದಾಗಿ ಉಪ್ಪ ಸುಮ್ಮನೆ ಕೂತಿದ್ದರು. ಮೇಲ್ವಿಚಾರಕಿ ಬಂದು ನನ್ನ ಮೇಜಿನ ಪಕ್ಕ ನಿಂತರು, ನಗುವಂಥದ್ದು ಎಂತ ಉಂಟು ಎಂದು ನೋಡಿದರು. ನಾನು ಪೆನ್ಸಿಲಿನಿಂದ ಉಪ್ಪನ ಮೇಲಿನ ವೃತ್ತವನ್ನು ಕಪ್ಪು ಮಾಡಿ ಮುಂದಕ್ಕೆ ಹೋದೆ. ಕೆಲವು ಶಬ್ದಗಳಿಗೆ ಯಾರೂ ಬರಲಿಲ್ಲ. ಊಹಿಸಲು ಹೋಗದೆ ಅವನ್ನು ಖಾಲಿ ಬಿಟ್ಟೆ.

ಮೂರೂ ಭಾಗ ದಾಟಿದೆ. ಇಂಗ್ಲಿಷನ್ನು ಅಂಚಿನಲ್ಲಿ ಅಲ್ಲ, ಆರಾಮವಾಗಿ ದಾಟಿದೆ. ಗೆಳತಿಯೂ ದಾಟಿದಳು. ನಮ್ಮ ಉಪಾಯ ತಿಳಿದ ಸರ್ ಮುಂದಿನ ವರ್ಷದವರಿಗೆ ಮೊದಲ ದಿನವೇ ‘ಯಾರ ಹಾಗೆ’ ಎಂದು ಕೇಳಲು ಶುರುಮಾಡಿದರು ಎಂದು ಆಮೇಲೆ ಕೇಳಿದೆ. ಬಳಿಕ ಸಂದರ್ಶನ ಇತ್ತು. ಮಾತಾಡಲು ನಾನು ಯಾವತ್ತೂ ಹೆದರಿದವಳಲ್ಲ. ಕೊನೆಯ ಪಟ್ಟಿಯನ್ನು ಪಕ್ಕದ ಬಿ.ಸಿ. ರೋಡಿನ ಸೈಬರ್ ಕೆಫೆಯಲ್ಲಿ ನೋಡಿದೆ, ಸೀಟು ಸಿಕ್ಕಿತ್ತು. ಬಸ್ಸಿಗೂ ಕಾಯದೆ ಬಂಟ್ವಾಳ ಪೇಟೆಗೆ ನಡೆದೇ ಬಂದೆ.

ಉಪ್ಪ ಗಿರಾಕಿಗೆ ಸಕ್ಕರೆಯ ಪೊಟ್ಟಣ ಕಟ್ಟುತ್ತಿದ್ದರು.

"ಸಿಕ್ಕಿತು ಉಪ್ಪಾ."

"ಹೂಂ," ಅಂದರು. ನೂಲು ಸುತ್ತಿ, ಗಂಟು ಹಾಕಿ, ತುಂಡು ಮಾಡಿ ಪೊಟ್ಟಣವನ್ನು ಗಿರಾಕಿಯ ಕೈಗೆ ಕೊಟ್ಟರು. "ಮನೆಗೆ ಹೋಗಿ ಉಮ್ಮನಿಗೆ ಹೇಳು."

ಅಷ್ಟೇ. ನನಗೆ ಬೇಸರವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಮನೆಯಲ್ಲಿ ಉಮ್ಮ ನನ್ನ ತಲೆಯನ್ನು ಎದೆಗೆ ಒತ್ತಿಕೊಂಡು ಅತ್ತರು, ನಕ್ಕರು, ಓಣಿಯ ಮನೆಮನೆಗೂ ಸಕ್ಕರೆ ಹಂಚಿದರು. ಸಂಜೆಗೆ ಪಾಯಸ ಮಾಡಿ, "ಎಲ್ಲಿ ನಿನ್ನ ಟ್ಯಾಸಿಟರ್ನ್? ಹೋಗಿ ಕರೆದುಕೊಂಡು ಬಾ, ಆರಿ ಹೋಗ್ತದೆ," ಎಂದು ನನ್ನನ್ನು ಅಂಗಡಿಗೆ ಅಟ್ಟಿದರು.

ಹಿಂಬಾಗಿಲಿನಿಂದ ಅಂಗಡಿಯೊಳಗೆ ಕಾಲಿಟ್ಟವಳು ಚೀಲಗಳ ಹಿಂದೆಯೇ ನಿಂತೆ. ಅಂಗಡಿಯಲ್ಲಿ ಯಾರೋ ಗಟ್ಟಿಯಾಗಿ ಮಾತಾಡುತ್ತಿದ್ದರು. ದನಿ ಉಪ್ಪನದ್ದೇ ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಚಹಾಪುಡಿ ಕೊಳ್ಳಲು ಬಂದಿದ್ದ ಒಬ್ಬರನ್ನು ನಿಲ್ಲಿಸಿಕೊಂಡು ತುಳುವಿನಲ್ಲಿ ಲಾಯಿಲದ ಮದುವೆಯಿಂದ ಶುರುಮಾಡಿದ್ದರು. ಪರೀಕ್ಷೆಯಲ್ಲಿ ಮೂರು ಭಾಗ ಇರುವುದು, ಒಂದರ ಅಂಕ ಇನ್ನೊಂದಕ್ಕೆ ಸೇರದಿರುವುದು, ಇಂಗ್ಲಿಷ್ ಕಷ್ಟವಾದದ್ದು, ಮಗಳು ಪುಸ್ತಕ ಎಸೆದದ್ದು, ತಾಯಿ ಮಗಳು ಅಡುಗೆಮನೆಯಲ್ಲಿ ಕೂತು ನೆಂಟರಿಗೆಲ್ಲ ಹೆಸರಿಟ್ಟದ್ದು, ಒಂದನ್ನೂ ಬಿಡದೆ ಹೇಳುತ್ತಿದ್ದರು. ಒಳಕೋಣೆಯಲ್ಲಿ ಪೇಪರು ಓದುತ್ತಿದ್ದಾರೆ ಎಂದು ನಾವು ತಿಳಿದಿದ್ದ ಅಷ್ಟೂ ದಿನ ಅವರು ಓದುತ್ತಿರಲಿಲ್ಲ.

"ನನಗೂ ಒಂದು ಇಟ್ಟಿದ್ದಾರೆ," ಅಂದರು ಉಪ್ಪ. "ಟ್ಯಾಸಿಟರ್ನ್ ಅಂತ. ಮಾತು ಕಮ್ಮಿ ಇರುವವ ಅಂತ ಅರ್ಥ. ಪರೀಕ್ಷೆಯಲ್ಲಿ ಅದನ್ನೇ ಕೇಳಿದ್ರಂತೆ. ಅದು ನಾನು."

ಚಹಾಪುಡಿಯವರು ಪೊಟ್ಟಣವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದರು. "ಅದು ಒಳ್ಳೆ ಶಬ್ದವಾ ಕೆಟ್ಟ ಶಬ್ದವಾ ಮಾರಾಯ್ರೆ?"

"ನನ್ನ ಮಗಳು ಇಟ್ಟದ್ದು," ಅಂದರು ಉಪ್ಪ. "ಕೆಟ್ಟದ್ದು ಹೇಗೆ ಆಗ್ತದೆ?"

ಚಹಾಪುಡಿಯವರು ಹೊರಟರು. ಇನ್ನೊಬ್ಬರು ಬೆಲ್ಲ ಕೇಳಿಕೊಂಡು ಬಂದರು. ಉಪ್ಪ ಬೆಲ್ಲ ತೂಗುತ್ತಾ ಮತ್ತೆ ಲಾಯಿಲದ ಮದುವೆಯಿಂದ ಶುರುಮಾಡಿದರು. ಮನೆಯಲ್ಲಿ ಪಾಯಸ ಆರುತ್ತಿತ್ತು. ಮುಸ್ಸಂಜೆಯ ಮಗ್ರಿಬ್ ನಮಾಜಿನ ಬಾಂಗ್ ಕೇಳುವವರೆಗೂ ನಾನು ಅಕ್ಕಿ ಚೀಲಕ್ಕೆ ಒರಗಿ ನಿಂತೇ ಇದ್ದೆ, ಅವರನ್ನು ಕರೆಯಲಿಲ್ಲ.